ಓದಲಾರದ್ದು ಬೇರೆ, ಅಳಿದದ್ದು ಬೇರೆ

ಮನೆಯಲ್ಲಿ ಯಾವುದಾದರೂ ವಸ್ತು ಕೆಟ್ಟಿತೆಂದು ಕಂಡೊಡನೆ ಅದನ್ನು ಎತ್ತಿ ಹೊರಗೆ ಹಾಕುವುದು, ಇಲ್ಲವೆ ಕೈಗೆ ಬಂದಂತೆ ತಿರುವಿ ಇನ್ನಷ್ಟು ಕೆಡಿಸುವುದು, ಇವೆರಡರಲ್ಲಿ ಒಂದನ್ನು ನಾವು ಸಾಮಾನ್ಯವಾಗಿ ಮಾಡುತ್ತೇವೆ. ಕೆಟ್ಟದ್ದೆಷ್ಟು, ಉಳಿದದ್ದೆಷ್ಟು ಎಂದು ಕುಳಿತು ನೋಡುವ ತಾಳ್ಮೆ ಕೆಲವರಿಗೇ ಉಂಟು. ಹಳೆಯ ಗಣಕಯಂತ್ರವನ್ನಿಟ್ಟುಕೊಂಡಿರುವ ಕುಟುಂಬಗಳಲ್ಲಿ ಈ ತಾಳ್ಮೆಯು ಎಷ್ಟು ಬೆಲೆಯುಳ್ಳದ್ದೆಂಬುದನ್ನು ವಾಚಕರಿಗೆ ತಿಳಿಸುವುದೇ ಈ ಬರಹದ ಉದ್ದೇಶ.

ಅರಸೀಕೆರೆಯಲ್ಲಿರುವ ನಮ್ಮ ಸೋದರತ್ತೆಯವರಿಗೆ ಎಂಬತ್ತು ದಾಟಿದೆ. ಅವರು ಹುಟ್ಟಿ ಬೆಳೆದದ್ದು ಹಳೇಬೀಡಿನ ಸಮೀಪದ ಒಂದು ಹಳ್ಳಿ. ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಬೀಸುವ ಪದ, ತೊಟ್ಟಿಲ ಪದ ಎಂದು ತಾಯಿಯ ಬಾಯಿಂದ ಕಲಿತದ್ದೆಲ್ಲವೂ ಅವರ ನಾಲಗೆಯ ಮೇಲೆಯೇ ಇದ್ದಿತು. ಕಾಗದದ ಮೇಲೆ ಒಂದಕ್ಷರವೂ ಇರಲಿಲ್ಲ. ಕಳೆದ ಬೇಸಗೆಯ ರಜೆಯಲ್ಲಿ ಬಂದ ಮೊಮ್ಮಗಳು, ಮಾವನವರು ಬಹು ಹಿಂದೆ ಕೊಂಡು ತಂದಿದ್ದ ಗಣಕಯಂತ್ರದ ಮುಂದೆ ಕುಳಿತು, ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ಅಜ್ಜಿ ಹೇಳಿದಂತೆ ಹತ್ತೊಂಬತ್ತು ಹಾಡುಗಳನ್ನು ಬರೆದಳು. ಅಕ್ಷರಗಳು ತೆರೆಯ ಮೇಲೆ ಮುತ್ತು ಪೋಣಿಸಿದಂತೆ ಮೂಡಿದವು. ಕಡೆಯಲ್ಲಿ ಉಳಿಸುವ ಗುಂಡಿಯನ್ನೊತ್ತಲು, ಯಂತ್ರವು ಇಂಗ್ಲಿಷಿನಲ್ಲಿ ಎರಡು ಸಾಲಿನ ಎಚ್ಚರಿಕೆಯನ್ನು ತೋರಿಸಿ, ‘ಸರಿ’, ‘ಬೇಡ’ ಎಂಬ ಎರಡು ಗುಂಡಿಗಳನ್ನು ಮುಂದಿಟ್ಟಿತು. ದಿನವಿಡೀ ದುಡಿದು ಎದ್ದೇಳುವ ಹೊತ್ತಿನಲ್ಲಿ ಯಾರಾದರೂ ಒತ್ತುವುದು ‘ಸರಿ’ ಎಂಬುದನ್ನೇ. ಯಂತ್ರವನ್ನು ಮುಚ್ಚಿದ್ದಾಯಿತು.

ಮರುದಿನ ತೆರೆದು ನೋಡಿದರೆ ಹಾಡಿಲ್ಲ. ಪುಟದ ತುಂಬ ಬರಿಯ ಪ್ರಶ್ನಚಿಹ್ನೆಗಳು. ಅತ್ತೆಯವರು ಕನ್ನಡಕವನ್ನು ಸರಿಮಾಡಿಕೊಂಡು ನೋಡಿ, “ಇದೇನಮ್ಮ, ನಾನು ಹಾಡು ಹೇಳಿದರೆ ಇದು ಬರೀ ಪ್ರಶ್ನೆ ಕೇಳುತ್ತಿದೆಯಲ್ಲ!” ಎಂದರಂತೆ. ಹುಡುಗಿ ಅಳುತ್ತ, ಬೇಲೂರಿನಲ್ಲಿದ್ದ ನನಗೆ ಫೋನು ಮಾಡಿದಳು. ನಾನು ಹೋಗುವಷ್ಟರಲ್ಲಿ ಅಲ್ಲಿ ಇನ್ನೊಂದು ಸಂಗತಿ ಹೊರಬಿದ್ದಿತ್ತು. ಕಾಲವಾದ ಮಾವನವರು ಅದೇ ಯಂತ್ರದಲ್ಲಿ ಬರೆದಿಟ್ಟಿದ್ದ ಕಡತವೊಂದು ಸಿಕ್ಕಿತ್ತು. ಅದರಲ್ಲಿಯೂ ಕನ್ನಡವಿರಲಿಲ್ಲ, ಅರ್ಥವಿಲ್ಲದ ರೋಮನ್ ಅಕ್ಷರಗಳು ಮಾತ್ರ ಇದ್ದವು. ನೆರೆಮನೆಯ ಹುಡುಗನೊಬ್ಬನು ಎರಡೂ ಹಾಳಾಗಿವೆಯೆಂದೂ, ಎಲ್ಲವನ್ನೂ ಅಳಿಸಿ ಯಂತ್ರವನ್ನು ಹೊಸದಾಗಿ ಸಿದ್ಧಪಡಿಸುವೆನೆಂದೂ ಹೇಳಿ ಕುಳಿತಿದ್ದನು. “ಸ್ವಲ್ಪ ತಾಳಪ್ಪ” ಎಂದೆನು.

ಇಲ್ಲಿ ಗಣಕಯಂತ್ರದ ಮರ್ಮವನ್ನು ಸ್ವಲ್ಪ ತಿಳಿಯಬೇಕು. ಆ ಯಂತ್ರಕ್ಕೆ ಅಕ್ಷರವೆಂಬುದು ಗೊತ್ತಿಲ್ಲ. ಪ್ರತಿಯೊಂದು ಅಕ್ಷರಕ್ಕೂ ಗೊತ್ತುಪಡಿಸಿದ ಅಂಕಿಯನ್ನೇ ಅದು ಬರೆದಿಟ್ಟುಕೊಳ್ಳುತ್ತದೆ. ಹಳೆಯ ಏರ್ಪಾಡಿನಲ್ಲಿ ಇದ್ದ ಸ್ಥಾನಗಳು ಒಟ್ಟು 256. ಇಂಗ್ಲಿಷ್ ಮೊದಲಾದ ಐರೋಪ್ಯ ಭಾಷೆಗಳ ಅಕ್ಷರಗಳೇ ಅವನ್ನು ಆಕ್ರಮಿಸಿಕೊಂಡಿದ್ದವು. ಕನ್ನಡಕ್ಕೆ ಮಣೆ ಇರಲಿಲ್ಲ. ಆದುದರಿಂದ 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ಮುಂತಾದುವು ಮೊದಮೊದಲು ಒಂದು ಜಾಣತನದ ಉಪಾಯವನ್ನು ಅನುಸರಿಸಿದವು. ರೋಮನ್ ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡದ ಆಕಾರಗಳನ್ನು ಫಾಂಟಿನ ಮೂಲಕ ತೋರಿಸಿದವು. ಫಾಂಟ್ ಇದ್ದರೆ ಕನ್ನಡ. ಅದನ್ನು ತೆಗೆದರೆ ಒಳಗಿನ ರೋಮನ್ ಅಕ್ಷರಗಳು ಹೊರಬೀಳುವುವು. 1991ರಲ್ಲಿ ಪ್ರಕಟವಾದ ಯೂನಿಕೋಡ್ ಏರ್ಪಾಡು ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಮನೆಯನ್ನು ಕೊಟ್ಟಿತಾದರೂ, ಹಳೆಯ ಯಂತ್ರಗಳಲ್ಲಿ ಆ ಹೊಸ ಪದ್ಧತಿಯ ಕನ್ನಡವನ್ನು ತೆರೆಯ ಮೇಲೆ ಚೆನ್ನಾಗಿ ತೋರಿಸಿ, ಉಳಿಸುವಾಗ ಮಾತ್ರ 256ರ ಹಳೆಯ ಲೆಕ್ಕವನ್ನೇ ಹಿಡಿಯುವ ಬರವಣಿಗೆಯ ಸಾಧನಗಳುಂಟು. ಆಗ ಸ್ಥಾನ ಸಿಕ್ಕದ ಪ್ರತಿಯೊಂದು ಚಿಹ್ನೆಗೂ ಒಂದು ಪ್ರಶ್ನಚಿಹ್ನೆ ಬೀಳುತ್ತದೆ. ಹುಡುಗಿಗೆ ಕಂಡ ಎಚ್ಚರಿಕೆಯು ಇದನ್ನೇ ಹೇಳಿತ್ತು.

ಮಾವನವರ ಕಡತದಲ್ಲಿ ಅಂಕಿಗಳೆಲ್ಲವೂ ಕ್ಷೇಮವಾಗಿದ್ದವು; ಯಾವಾಗಲೋ ಯಂತ್ರವನ್ನು ರಿಪೇರಿ ಮಾಡಿದಾಗ ಫಾಂಟ್ ಮಾತ್ರ ಹೋಗಿತ್ತು. ಅದನ್ನು ಮತ್ತೆ ಹಾಕಿದ ಕೂಡಲೆ ಅವರ ಬರಹವು ಎದ್ದು ನಿಂತಿತು. ಅದು ತೆಂಗಿನ ತೋಟದ ಲೆಕ್ಕ. ಗೊಬ್ಬರಕ್ಕೆ ಇಷ್ಟು, ಕಾಯಿ ಕೆಡಹುವವರಿಗೆ ಇಷ್ಟು ಎಂಬ ಬಾಬುಗಳ ನಡುವೆ, ಅತ್ತೆಯವರ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ತಿಂಗಳು ತಿಂಗಳೂ ತೆಗೆದಿಟ್ಟ ಹಣದ ಬಾಬು ಒಂದಿತ್ತು. ಅದು ಅತ್ತೆಯವರಿಗೆ ಆವರೆಗೆ ಗೊತ್ತಿರಲಿಲ್ಲ. ಅವರು ಆ ಸಾಲನ್ನು ಎರಡು ಸಾರಿ ಓದಿಸಿ ಕೇಳಿ, ಒಳಗೆ ಹೋಗಿ ಕಾಫಿಗೆ ನೀರಿಟ್ಟರು.

ಹಾಡುಗಳ ಗತಿ ಹಾಗಲ್ಲ. ‘ಅ’ಕಾರಕ್ಕೂ ಪ್ರಶ್ನಚಿಹ್ನೆ, ‘ಳ’ಕಾರಕ್ಕೂ ಪ್ರಶ್ನಚಿಹ್ನೆ ಎಂದಮೇಲೆ, ಅದರಿಂದ ಮೂಲವನ್ನು ತೆಗೆಯಬಲ್ಲ ವಿದ್ಯೆಯಿಲ್ಲ. ಆದರೂ ಎಲ್ಲವೂ ಹೋಗಿರಲಿಲ್ಲ. ಪದಗಳ ನಡುವಣ ತೆರಪು, ಸಾಲಿನ ಮುರಿವು, ಇಂಗ್ಲಿಷ್ ಅಂಕಿಗಳಲ್ಲಿ ಹಾಕಿದ್ದ ಹಾಡಿನ ಸಂಖ್ಯೆ, ಇವಕ್ಕೆ ಹಳೆಯ ಏರ್ಪಾಡಿನಲ್ಲಿಯೂ ಸ್ಥಾನವಿದ್ದುದರಿಂದ ಅವು ಹಾಗೆಯೇ ನಿಂತಿದ್ದವು. ಯಂತ್ರವು ವ್ಯಂಜನವನ್ನೂ ಅದರ ಸ್ವರಚಿಹ್ನೆಯನ್ನೂ ಬೇರೆ ಬೇರೆಯಾಗಿ ಎಣಿಸುತ್ತದೆ; ‘ಅರಸೀಕೆರೆ’ ಎಂಬಲ್ಲಿ ನಮ್ಮ ಕಣ್ಣಿಗೆ ಅಕ್ಷರಗಳು ಐದಾದರೆ, ಪ್ರಶ್ನಚಿಹ್ನೆಗಳು ಎಂಟು; ‘ಬೇಲೂರು’ ಎಂಬ ಮೂರಕ್ಷರಕ್ಕೆ ಆರು. ಹೀಗೆ ಮಾಂಸವಳಿದರೂ ಹಾಡಿನ ಎಲುಬು ಉಳಿದಿತ್ತು. “ಅಜ್ಜಿ, ಏಳನೆಯದಕ್ಕೆ ನುಡಿಗೆ ಮೂರು ಸಾಲು, ಕಡೆಯ ಸಾಲಿನಲ್ಲಿ ಎರಡೇ ಮಾತು” ಎಂದು ಹುಡುಗಿ ಹೇಳುವಳು, ಅತ್ತೆಯವರು ಬೆರಳು ಮಡಿಸಿ ಎಣಿಸಿ, ಮೆಲ್ಲಗೆ ದನಿಯೆತ್ತುವರು. ನಾಲ್ಕು ದಿನಗಳಲ್ಲಿ ಹದಿನೇಳು ಹಾಡುಗಳು ಹಿಂದಿರುಗಿದವು. ಎರಡು ಬರಲಿಲ್ಲ. ಮೊದಲ ದಿನ ತಾವಾಗಿ ನಾಲಗೆಗೆ ಬಂದಿದ್ದ ಆ ಎರಡು, ಕರೆದಾಗ ಬರಲೊಲ್ಲವು.

ನಮ್ಮ ಸೀಮೆಯವರಿಗೆ ಈ ಭೇದವು ಹೊಸದಾಗಿ ತೋರಬಾರದು. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸುಮಾರು ಐದನೆಯ ಶತಮಾನದ ಶಾಸನವೊಂದು, ಊರವರಲ್ಲಿ ಯಾರಿಗೂ ಓದಬಾರದ ಲಿಪಿಯನ್ನು ಹೊತ್ತುಕೊಂಡು ನಿಂತಿತ್ತು. 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತಂದಾಗ ಕನ್ನಡದ ಚರಿತ್ರೆಯೇ ಹಿಂದಕ್ಕೆ ಸರಿಯಿತು. ಓದುವವನು ಬರುವ ತನಕ ಕಲ್ಲು ಕಾದಿತ್ತು. ಓದಲಾರದ್ದೆಂದು ಅದನ್ನು ಯಾರೂ ಒಡೆಯದಿದ್ದುದೇ ನಮ್ಮ ಪುಣ್ಯ. ಚಕ್ಕೆಯೆದ್ದುಹೋದ ಕಲ್ಲಿನ ಮಾತು ಬೇರೆ. ಅಲ್ಲಿ ಎಂತಹ ಪಂಡಿತನೂ ಅಳಿದ ಅಕ್ಷರಗಳಿಗೆ ಬದಲಾಗಿ ಚುಕ್ಕೆಗಳನ್ನಿಟ್ಟು ಮುಂದೆ ಹೋಗಬೇಕು. ಆದರೆ ಪದ್ಯವಾದರೆ ಛಂದಸ್ಸಿನಿಂದ, ಎಷ್ಟು ಅಕ್ಷರಗಳು ಹೋಗಿರಬೇಕೆಂಬುದನ್ನು ಎಣಿಸಬಲ್ಲನು. ಬಿ. ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ 5ನೆಯ ಸಂಪುಟವಾಗಿ 1902ರಲ್ಲಿ ಅಚ್ಚು ಹಾಕಿಸಿದ್ದರ ಉಪಕಾರವೂ ಇದೇ: ಮೂಲವು ಸವೆದರೂ ಪಾಠವು ಪುಸ್ತಕದಲ್ಲಿ ಉಳಿಯುತ್ತದೆ.

ಆದುದರಿಂದ ಗೃಹಸ್ಥರೂ ಗೃಹಿಣಿಯರೂ ಗಮನದಲ್ಲಿಡತಕ್ಕ ಕೆಲವು ಮಾತುಗಳಿವೆ. ಹಳೆಯ ಯಂತ್ರದಲ್ಲಿ ಕನ್ನಡವನ್ನು ಬರೆಯುವುದಾದರೆ, ಮೊದಲು ಒಂದು ಸಾಲನ್ನು ಮಾತ್ರ ಬರೆದು, ಉಳಿಸಿ, ಮುಚ್ಚಿ, ಮತ್ತೆ ತೆರೆದು ನೋಡಬೇಕು. ಆ ಸಾಲು ಸರಿಯಾಗಿ ಬಂದರೆ ಉಳಿದುದನ್ನು ಬರೆಯಬಹುದು. ಉಳಿಸುವ ಕಿಟಕಿಯಲ್ಲಿ ಸಂಕೇತಪದ್ಧತಿಯನ್ನು ಕೇಳುವ ಕಡೆ ‘ಆನ್ಸಿ’ ಎಂದಿದ್ದರೆ ಅದನ್ನು ಬದಲಾಯಿಸಿ ‘ಯುಟಿಎಫ್-8’ ಎಂಬುದನ್ನು ಆರಿಸಬೇಕು. ತಪ್ಪು ಪದ್ಧತಿಯಲ್ಲಿ ಉಳಿಸಿದ್ದರೂ, ತೆರೆಯ ಮೇಲೆ ಅಕ್ಷರಗಳು ಕಾಣುತ್ತಿರುವ ತನಕ ಬರಹವು ಬದುಕಿದೆ. ಮುಚ್ಚದೆ ಇನ್ನೊಮ್ಮೆ ಸರಿಯಾಗಿ ಉಳಿಸಿದರೆ ಸಾಕು. ಕಡತದಲ್ಲಿ ವಿಚಿತ್ರವಾದ ರೋಮನ್ ಅಕ್ಷರಗಳು ಕಂಡರೆ ತಿದ್ದಲು ಹೋಗದೆ, ಮೊದಲು ಪ್ರತಿಯೊಂದನ್ನು ಮಾಡಿಟ್ಟುಕೊಂಡು, ಅದು ಯಾವ ಫಾಂಟಿನಲ್ಲಿ ಬರೆದುದೆಂದು ವಿಚಾರಿಸಬೇಕು. ಹಳೆಯ ಬರಹವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಈಗ ಸುಲಭವಾಗಿ ದೊರೆಯುತ್ತವೆ. ಎಲ್ಲಕ್ಕೂ ಮಿಗಿಲಾಗಿ, ಒಂದು ಪ್ರತಿಯನ್ನು ಕಾಗದದ ಮೇಲೆ ಮುದ್ರಿಸಿ ಪೆಟ್ಟಿಗೆಯಲ್ಲಿಡಬೇಕು.

ಅನೇಕ ಮನೆಗಳ ಅಟ್ಟದ ಮೇಲೆ ಇಂತಹ ಹಳೆಯ ಯಂತ್ರಗಳು ಧೂಳು ಹಿಡಿದು ಕುಳಿತಿರುತ್ತವೆ. ಗುಜರಿಯವನಿಗೆ ಹಾಕುವ ಮೊದಲು ಒಮ್ಮೆ ತೆರೆದು ನೋಡಿರಿ. ಒಳಗಿರುವುದು ಓದಲಾರದ್ದೋ ಅಳಿದದ್ದೋ ಎಂಬುದನ್ನು ತಿಳಿದ ಮೇಲೆ ಮುಂದಿನ ಯೋಚನೆ. ನಮ್ಮ ಅತ್ತೆಯವರ ಎರಡು ಹಾಡುಗಳ ಪ್ರಶ್ನಚಿಹ್ನೆಗಳನ್ನು ನಾವು ಇನ್ನೂ ಅಳಿಸಿಲ್ಲ. ಒಂದಕ್ಕೆ ನುಡಿಗೆ ನಾಲ್ಕು ಸಾಲು. ಇನ್ನೊಂದಕ್ಕೆ ಎರಡು ಸಾಲಿಗೊಮ್ಮೆ ಮರಳಿ ಬರುವ ಒಂದು ಪುಟ್ಟ ಮಾತು. ಹಳೇಬೀಡಿನ ಕಡೆಯ ಯಾವ ಅಜ್ಜಿಯ ಬಾಯಲ್ಲಿಯಾದರೂ ಆ ಅಳತೆಗೆ ಸರಿಹೋಗುವ ಹಾಡು ಇದ್ದೀತೆಂದು, ಮೊಮ್ಮಗಳು ಆ ಪುಟವನ್ನು ಮುದ್ರಿಸಿ ಇಟ್ಟುಕೊಂಡಿದ್ದಾಳೆ.