ಪಟ್ಟಿಯಲ್ಲಿ ಇಲ್ಲದ ಹೆಸರು

ಹೋದ ವರ್ಷ ದಸರಾ ರಜೆಗೆ ಹರದನಹಳ್ಳಿಗೆ ಹೋದಾಗ ನನ್ನ ಚೀಲದಲ್ಲಿ 22 ಪುಟಗಳ ಒಂದು ಚಿತ್ರಕಥೆ ಇತ್ತು. ನನ್ನ ಪಿಎಚ್.ಡಿ. ವಿಷಯ ಸಿನಿಮಾ ಕಥನ. ಬರೀ ಓದಿದ್ದು ಸಾಕು, ಒಂದು ಕಿರುಚಿತ್ರ ಮಾಡೋಣ ಎಂದು ಗೆಳೆಯರು ಹುರಿದುಂಬಿಸಿದ್ದರು. ತಾತ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಕಳೆದ ಮೂರು ದಿನಗಳೇ ಅದರ ಕಥೆ.

ಅದನ್ನು ನಾನು ಮೊದಲು ಓದಲು ಕೊಟ್ಟಿದ್ದು ಮನುಷ್ಯರಿಗಲ್ಲ, ಒಂದು ಎಐ ತಂತ್ರಾಂಶಕ್ಕೆ. ಈಗ ಇದು ವಿಚಿತ್ರವೇನಲ್ಲ. ಪೂರ್ತಿ ಎಐನಿಂದಲೇ ತಯಾರಾದದ್ದು ಎಂದು ಹೇಳಿಕೊಂಡ ‘ಲವ್ ಯು’ ಸಿನಿಮಾ 2025ರಲ್ಲಿ ಕನ್ನಡದಲ್ಲೇ ಬಂತು. ಕಥೆಯನ್ನು ಯಂತ್ರದಿಂದ ಅಳೆಯುವ ಕೆಲಸ ಅದಕ್ಕಿಂತ ಹಳೆಯದು. 2016ರಲ್ಲಿ ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತವರ ಸಂಗಡಿಗರು 1,327 ಕಥೆಗಳನ್ನು ಕಂಪ್ಯೂಟರಿನಿಂದ ಪರಿಶೀಲಿಸಿ, ಅವುಗಳ ಭಾವದ ಏರಿಳಿತಕ್ಕೆ ಮುಖ್ಯವಾಗಿ ಆರು ಆಕಾರಗಳಿವೆ ಎಂದರು. ಪದಗಳಿಗೆ ಸಂತೋಷದ ಅಂಕ ಕೊಡುವುದು, ಪುಟ ಸಾಗಿದಂತೆ ಸರಾಸರಿ ತೆಗೆದು ಗೆರೆ ಎಳೆಯುವುದು – ಅವರ ವಿಧಾನ ಇಷ್ಟೇ.

ನನ್ನ ಕಥೆಗೂ ತಂತ್ರಾಂಶ ಒಂದು ಗೆರೆ ಎಳೆದುಕೊಟ್ಟಿತು. ಹನ್ನೊಂದನೆಯ ಪುಟದಲ್ಲಿ ಗೆರೆ ನೆಲಕ್ಕೆ ಮಲಗಿತ್ತು. ಅಲ್ಲಿ ಅಜ್ಜಿ ಜಗಲಿಯ ಮೇಲೆ ಕೂತು, ಸಾವಿಗೆ ಯಾವ ಯಾವ ಊರಿನಿಂದ ಯಾರು ಬಂದರು ಎಂದು ಒಂದೊಂದೇ ಹೆಸರು ಹೇಳುತ್ತಾಳೆ. ‘ಇಲ್ಲಿ ಕಥೆ ಮುಂದೆ ಸಾಗುತ್ತಿಲ್ಲ, ಈ ದೃಶ್ಯ ತೆಗೆಯಬಹುದು’ ಎಂದಿತು ತಂತ್ರಾಂಶ. ನನಗೂ ಸರಿ ಅನ್ನಿಸಿತು, ತೆಗೆದೆ.

ಆ ರಾತ್ರಿ ಅವ್ವನಿಗೆ ಕಥೆ ಓದಿ ಹೇಳಿದೆ. ಅವರೆಕಾಯಿ ಬಿಡಿಸುತ್ತಾ ಕೊನೆಯವರೆಗೂ ಕೇಳಿದವಳು, “ಯಾರ್ಯಾರು ಬಂದಿದ್ರು ಅಂತ ಹೇಳ್ನೇ ಇಲ್ವಲ್ಲ ಕಂದ?” ಅಂದಳು.

“ಅದು ಬರೀ ಹೆಸರಿನ ಪಟ್ಟಿ ಅಲ್ವಾ ಅವ್ವ?”

“ನಿಮ್ಮಜ್ಜಿ ಅವತ್ತು ಎಲ್ಲಾರ ಹೆಸರೂ ಹೇಳುದ್ಲು. ನಿಮ್ ಚಿಕ್ಕತಾತನ ಹೆಸರು ಹೇಳ್ನಿಲ್ಲ.”

ನಾನು ಸುಮ್ಮನಾದೆ. ಜಮೀನಿನ ಜಗಳದಲ್ಲಿ ಮಾತು ಬಿಟ್ಟಿದ್ದ ತಾತನ ತಮ್ಮ ಮಣ್ಣಿಗೂ ಬಂದಿರಲಿಲ್ಲ. ಅಜ್ಜಿ ಬಂದವರನ್ನೆಲ್ಲ ಎಣಿಸುತ್ತಿದ್ದದ್ದೇ ಬಾರದ ಆ ಒಬ್ಬನಿಗಾಗಿ. ಯಂತ್ರವನ್ನು ಬೈದು ಪ್ರಯೋಜನವಿರಲಿಲ್ಲ. ನನ್ನ ಪುಟದಲ್ಲಿ ಇಲ್ಲದ ಹೆಸರು ಅದಕ್ಕೆ ಹೇಗೆ ಕಾಣಬೇಕು? ಆ ಮನೆಯಲ್ಲೇ ಬೆಳೆದ ನನಗೇ ಕಂಡಿರಲಿಲ್ಲ. ಅಜ್ಜಿ ಹೇಳಿದ ಹೆಸರುಗಳನ್ನು ನಾನು ಕೇಳಿದ ಹಾಗೆ ಬರೆದುಕೊಂಡಿದ್ದೆ, ಅಷ್ಟೇ.

ಆಮೇಲೆ ‘ತಿಥಿ’ಯನ್ನು ಮತ್ತೆ ನೋಡಿದೆ. ಈರೇಗೌಡ ಮತ್ತು ರಾಮ್ ರೆಡ್ಡಿ ಬರೆದು, ರಾಮ್ ರೆಡ್ಡಿ ನಿರ್ದೇಶಿಸಿದ ಈ ಸಿನಿಮಾ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಅದರಲ್ಲಿ ನಟಿಸಿದವರು ಮಂಡ್ಯ ಸೀಮೆಯ ಹಳ್ಳಿಯ ಜನ. ನೂರೊಂದು ವರ್ಷದ ಸೆಂಚುರಿ ಗೌಡ ಸಾಯುತ್ತಾನೆ, ಮಗ ಗಡ್ಡಪ್ಪ ತನ್ನ ಪಾಡಿಗೆ ತಿರುಗಿಕೊಂಡಿರುತ್ತಾನೆ. ‘ನಾಯಕನಿಗೆ ಒಂದು ಗುರಿ ಇರಬೇಕು’ ಎಂಬ ಚಿತ್ರಕಥೆಯ ಪಾಠವನ್ನು ಹಿಡಿದು ಹೊರಟರೆ ಗಡ್ಡಪ್ಪನಿಗೆ ಸೊನ್ನೆ ಅಂಕ. ಆದರೆ ಅವನಿಗೆ ಏನೂ ಬೇಡವಾಗಿರುವುದರಿಂದಲೇ ಅವನ ಮಗ ತಮ್ಮಣ್ಣನ ಆಸ್ತಿಯ ಆಸೆ ನಮಗೆ ಅಷ್ಟು ಸ್ಪಷ್ಟವಾಗಿ ಕಾಣುತ್ತದೆ.

ಇಷ್ಟಾದರೂ ತಂತ್ರಾಂಶದ ಇನ್ನೊಂದು ಟಿಪ್ಪಣಿಯನ್ನು ನಾನು ಮರೆಮಾಚಬಾರದು. ‘22 ಪುಟಗಳಲ್ಲಿ ತಾಯಿಯ ಪಾತ್ರಕ್ಕೆ ನಾಲ್ಕೇ ಮಾತು, ಮೂರು ಬಾರಿ ಕಾಫಿ ಕೊಡುತ್ತಾಳೆ’ ಎಂದು ಅದು ಎಣಿಸಿ ತೋರಿಸಿತ್ತು. ಓದಿದ ಗೆಳೆಯರಲ್ಲಿ ಒಬ್ಬರೂ ಇದನ್ನು ಹೇಳಿರಲಿಲ್ಲ. ಬರೆದ ನನಗೂ ಹೊಳೆದಿರಲಿಲ್ಲ. ಎಣಿಕೆಯಲ್ಲಿ ಯಂತ್ರಕ್ಕೆ ದಾಕ್ಷಿಣ್ಯವಿಲ್ಲ.

ಅವ್ವನಿಗೆ ಇದನ್ನು ಹೇಳಿದಾಗ ನಕ್ಕಳು. “ಅವತ್ತು ನಾನು ಒಲೆ ಮುಂದೇನೇ ಇದ್ದೆ ಬುಡು. ಎಲ್ಲಾ ಕೇಳಿಸ್ತಿತ್ತು.”

ತೆಗೆದ ದೃಶ್ಯವನ್ನು ವಾಪಸು ಸೇರಿಸಿದ್ದೇನೆ. ಜಗಲಿಯಲ್ಲಿ ಅಜ್ಜಿ ಹೆಸರುಗಳನ್ನು ಹೇಳಿ ಮುಗಿಸುತ್ತಾಳೆ. ಒಳಗಿನಿಂದ ಅವ್ವ, ಕಾಫಿ ಲೋಟ ಹಿಡಿಯದೆ, ಬರಿಗೈಯಲ್ಲಿ ಬಂದು ಅಜ್ಜಿಯ ಪಕ್ಕ ಕೂರುತ್ತಾಳೆ. ಚಿಕ್ಕತಾತನ ಹೆಸರನ್ನು ಅವಳೇ ಹೇಳುತ್ತಾಳೆ.

ಹೊಸ ಪ್ರತಿಯನ್ನು ಇನ್ನೂ ತಂತ್ರಾಂಶಕ್ಕೆ ಕೊಟ್ಟಿಲ್ಲ. ಕೊಡುತ್ತೇನೆ, ಎಣಿಸಲಿ. ಮೊದಲು ಅವ್ವನಿಗೆ ಓದಿ ಹೇಳಬೇಕು.