ಬಣ್ಣ ನೋಡಿ ಕುಲ ಹೇಳಬಹುದೇ?

ಗೃಹಸ್ಥರ ಮನೆಗಳ ನಡುಮನೆಯಲ್ಲಿ ಗಾಜಿನ ಮೀನುತೊಟ್ಟಿ ಕಾಣಸಿಗುವುದು ಈಗ ಅಪರೂಪವೇನಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಂತಹ ಮಲೆನಾಡಿನ ಊರುಗಳಲ್ಲಿ ಮಳೆ ಹಿಡಿದು ಕುಳಿತ ತಿಂಗಳುಗಳಲ್ಲಿ ಮಕ್ಕಳಿಗೂ ವೃದ್ಧರಿಗೂ ಅದು ಕಣ್ಣಿಗೆ ಹಬ್ಬ. ಮೀನನ್ನು ಆಹಾರವೆಂದು ಎಣಿಸದ ನಮ್ಮಂತಹ ಮನೆಗಳಿಗೆ ಅದು ಕೇವಲ ನೋಡಿ ಸಂತೋಷಪಡುವ, ಸಾಕಿ ಸಲಹುವ ಜೀವ. ಆದರೆ ಸಾಕುವವರಿಗೆ ಮೊದಲ ದಿನವೇ ಒಂದು ಪ್ರಶ್ನೆ ಎದುರಾಗುತ್ತದೆ: ಇದು ಯಾವ ಮೀನು? ಅಂಗಡಿಗಳಲ್ಲಿ ಬಣ್ಣವೇ ಹೆಸರಾಗಿರುತ್ತದೆ. ಬಂಗಾರದ್ದು, ನೀಲಿಯದು, ಕೆಂಪುಬಾಲದ್ದು ಎಂದು ಹೇಳಿ ಬೆಲೆ ಹೇಳುತ್ತಾರೆ. ಬಣ್ಣ ಬೇರೆಯಾದರೆ ಕುಲವೂ ಬೇರೆಯೇ ಎಂಬುದನ್ನು ಯಾರೂ ಹೇಳುವುದಿಲ್ಲ, ಕೇಳುವವರೂ ಕಡಿಮೆ. ಈ ವಿಚಾರವಾಗಿ ನಮ್ಮ ಮನೆಯ ಅನುಭವದಲ್ಲಿ ತಿಳಿದುಬಂದ ಕೆಲವು ಸಂಗತಿಗಳನ್ನು ವಾಚಕರೊಡನೆ ಹಂಚಿಕೊಳ್ಳುವುದು ನಮ್ಮ ಉದ್ದೇಶ.

ತೊಟ್ಟಿಯ ಮೀನುಗಳಲ್ಲಿ ಸಿಕ್ಲಿಡ್ ಎಂಬುದೊಂದು ದೊಡ್ಡ ಕುಟುಂಬ. ದಕ್ಷಿಣ ಅಮೆರಿಕ ಮತ್ತು ಆಫ್ರಿಕ ಖಂಡಗಳು ಇದರ ಮುಖ್ಯ ನೆಲೆ. ಭಾರತದಲ್ಲಿ ಹುಟ್ಟಿನಿಂದಲೇ ಇರುವ ಸಿಕ್ಲಿಡ್‌ಗಳು ಮೂರೇ ಮೂರು. ಅವುಗಳ ಹತ್ತಿರದ ಬಂಧುಗಳಿರುವುದು ಸಮುದ್ರದಾಚೆಯ ಮಡಗಾಸ್ಕರ್ ದ್ವೀಪದಲ್ಲಿ. ಮೂರರಲ್ಲಿ ದೊಡ್ಡದು ಕರಿಮೀನು. ಕೇರಳ ಸರ್ಕಾರವು ೨೦೧೦ರಲ್ಲಿ ಅದನ್ನು ರಾಜ್ಯದ ಮೀನೆಂದು ಸಾರಿತು. ಎರಡನೆಯದು ಕರ್ನಾಟಕದ ಪಶ್ಚಿಮವಾಹಿನಿ ನದಿಗಳಲ್ಲಲ್ಲದೆ ಪ್ರಪಂಚದಲ್ಲಿ ಬೇರೆಲ್ಲಿಯೂ ಇಲ್ಲದ ಎಟ್ರೋಪ್ಲಸ್ ಕೆನರೆನ್ಸಿಸ್. 'ಭಾರತದ ಮೀನುಗಳು' ಎಂಬ ಮಹಾಗ್ರಂಥ ಬರೆದ ಫ್ರಾನ್ಸಿಸ್ ಡೇ ಅವರು ೧೮೭೭ರಲ್ಲಿ ಕೆನರಾ ಸೀಮೆಯ ಹೆಸರನ್ನೇ ಅದಕ್ಕಿಟ್ಟರು. ಮೂರನೆಯದು ಗೇಣುದ್ದವೂ ಬೆಳೆಯದ ಕುಬ್ಜ, ಸುಮಾರು ೮ ಸೆಂಟಿಮೀಟರಿನ ಆರೆಂಜ್ ಕ್ರೋಮೈಡ್. ೧೭೯೫ರಲ್ಲಿ ಬ್ಲಾಕ್ ಎಂಬ ವಿದ್ವಾಂಸರು ಇದನ್ನು ವರ್ಣಿಸಿದರು. ಇದೂ ಕರಾವಳಿಯ ಹಿನ್ನೀರಿನ ನಿವಾಸಿ. ಘಟ್ಟದ ಮೇಲಿನ ನಮ್ಮ ತುಂಗೆ ಭದ್ರೆಯರದ್ದಲ್ಲ.

ನರಸಿಂಹರಾಜಪುರದ ನಮ್ಮ ಬೀಗರು ಒಮ್ಮೆ ಬರುವಾಗ ಮಕ್ಕಳಿಗೆಂದು ಇಂತಹ ಎರಡು ಮೀನುಗಳನ್ನು ತಂದುಕೊಟ್ಟರು. ಒಂದು ಅಪ್ಪಟ ಚಿನ್ನದ ಬಣ್ಣ, ಇನ್ನೊಂದು ಮಾಸಲು ಹಸಿರು ಬೆರೆತ ಹಳದಿ. ಅವು ಎರಡು ಬೇರೆ ಜಾತಿಯೆಂದು ಹೇಳಿ, ಎರಡು ಬೇರೆ ಬೆಲೆಗೆ ಅವರಿಗೆ ಮಾರಿದ್ದರು. ನಾವು ಅವುಗಳನ್ನು ಸಣ್ಣ ಗಾಜಿನ ಪಾತ್ರೆಗೆ ಬಿಟ್ಟು ಭೂತಗನ್ನಡಿ ಹಿಡಿದು ನೋಡಿದೆವು. ಮೈಕಟ್ಟು ಒಂದೇ. ಪಕ್ಕೆಯ ಮೇಲೆ ಸಾಲಾಗಿ ಕೂರಿಸಿದಂತಿರುವ ಕೆಂಪು ಚುಕ್ಕೆಗಳೂ ಒಂದೇ. ಹೊಟ್ಟೆಯ ಹಿಂಭಾಗದ ಕೆಳರೆಕ್ಕೆಯಲ್ಲಿ ಎರಡಕ್ಕೂ ಹನ್ನೆರಡಕ್ಕೆ ಕಡಿಮೆಯಿಲ್ಲದ ಗಟ್ಟಿಮುಳ್ಳುಗಳು. ಅಮೆರಿಕದ ಕುಬ್ಜ ಸಿಕ್ಲಿಡ್‌ಗಳಲ್ಲಿ ಈ ಮುಳ್ಳು ಸಾಮಾನ್ಯವಾಗಿ ಮೂರೇ. ವ್ಯತ್ಯಾಸವಿದ್ದುದು ಒಂದೇ ಕಡೆ: ಹಸಿರು ಛಾಯೆಯದಕ್ಕೆ ಪಕ್ಕೆಯ ನಡುವೆ ಕಪ್ಪು ಮಚ್ಚೆಯಿತ್ತು; ಚಿನ್ನದ್ದರಲ್ಲಿ ಕಪ್ಪೆಂಬುದೇ ಇರಲಿಲ್ಲ. ಕಾಡುಮೂಲದ ಬಣ್ಣ ಮೊದಲನೆಯದು. ಕಪ್ಪು ವರ್ಣದ್ರವ್ಯ ತಪ್ಪಿಹೋದ ಮೀನುಗಳನ್ನು ಆರಿಸಿ ಮನುಷ್ಯರು ಬೆಳೆಸಿದ ತಳಿ ಎರಡನೆಯದು. ಪ್ರಭೇದ ಒಂದು, ಬಣ್ಣ ಎರಡು.

ಕರಾವಳಿಯ ಸವುಳು ನೀರಿನ ಮೀನಾದ್ದರಿಂದ ನಮ್ಮ ಬಾವಿಯ ಮೆದು ನೀರಿಗೆ ಚೂರು ಕಲ್ಲುಪ್ಪು ಸೇರಿಸಿ ಸಾಕಿದೆವು. ಕೆಲವು ತಿಂಗಳ ಮೇಲೆ ಅವೆರಡೂ ಜೋಡಿಯಾಗಿ ಕಲ್ಲಿನ ಮೇಲೆ ಮೊಟ್ಟೆಯಿಟ್ಟವು. ತಾಯಿತಂದೆಗಳಿಬ್ಬರೂ ಸರದಿಯಲ್ಲಿ ರೆಕ್ಕೆಯಿಂದ ನೀರು ಬೀಸಿ ಕಾದವು. ಮರಿಗಳು ಹೆತ್ತವರ ಮೈಗೆ ಮುತ್ತಿಡುವಂತೆ ಬಂದು ಚರ್ಮದ ಲೋಳೆಯನ್ನು ತಿನ್ನುವುದನ್ನು ನೋಡಿ ನಮ್ಮ ಅಜ್ಜಿ, "ಅವು ಬಣ್ಣ ನೋಡಿ ಕುಲ ಕೇಳಲಿಲ್ಲ ನೋಡ್ರೋ" ಎಂದರು. ಮಾತು ದೊಡ್ಡದೇ. ಆದರೂ ಜೋಡಿಯಾದ ಮಾತ್ರಕ್ಕೆ ಪ್ರಭೇದ ಒಂದೇ ಎಂದು ತೀರ್ಮಾನಿಸಲಾಗದು. ತಕ್ಕ ಜೊತೆ ಸಿಗದ ತೊಟ್ಟಿಯಲ್ಲಿ ಹತ್ತಿರದ ಬೇರೆ ಪ್ರಭೇದಗಳೂ ಬೆರೆಯುವುದುಂಟು. ನಮಗೆ ಭರವಸೆ ಕೊಟ್ಟದ್ದು ಮೈಕಟ್ಟು, ಚುಕ್ಕೆ, ಮುಳ್ಳುಗಳೇ.

ಅಡಿಕೆ ಬೆಳೆಯುವ ನಮ್ಮವರಿಗೆ ಇದು ತಿಳಿಯದ ಸಂಗತಿಯೇನೂ ಅಲ್ಲ. ಹಸ, ಬೆಟ್ಟೆ, ರಾಶಿ, ಗೊರಬಲು ಎಂದು ಮಂಡಿಯಲ್ಲಿ ನಾಲ್ಕು ಹೆಸರು, ನಾಲ್ಕು ಧಾರಣೆ. ಹಾಗೆಂದು ನಾಲ್ಕು ಬಗೆಯ ಮರಗಳಿವೆಯೇ? ಕೊಯ್ದ ಹದ, ಬೇಯಿಸಿ ಚೊಗರು ಕೊಟ್ಟ ರೀತಿ ಇವುಗಳಿಂದ ಹೆಸರೂ ಬಣ್ಣವೂ ಬಂದವು. ಕೊಟ್ಟಿಗೆಯಲ್ಲಿ ಮಲೆನಾಡು ಗಿಡ್ಡದ ದನ ಕರಿಯದೂ ಉಂಟು, ಕಂದು ಬಣ್ಣದ್ದೂ ಉಂಟು. ನಾವು ಅದನ್ನು ಗುರುತಿಸುವುದು ಗಿಡ್ಡ ಮೈಕಟ್ಟಿನಿಂದ. ದನಕ್ಕೆ ಅನ್ವಯಿಸುವ ಈ ವಿವೇಕವನ್ನು ಮೀನಿನ ವಿಷಯದಲ್ಲಿ ಮರೆಯುತ್ತೇವೆ.

ಮೀನಿನ ಬಣ್ಣವಾದರೋ ದನದ ಬಣ್ಣಕ್ಕಿಂತ ಚಂಚಲ. ಅದರ ಚರ್ಮದಲ್ಲಿ ಕಪ್ಪಿನ ಕೋಶಗಳು ಬೇರೆ, ಕೆಂಪು ಹಳದಿಯವು ಬೇರೆ. ನೀಲಿಯೆಂಬುದು ಬಹುಮಟ್ಟಿಗೆ ಬಣ್ಣವೇ ಅಲ್ಲ, ಸೂಕ್ಷ್ಮ ಹರಳುಗಳು ಬೆಳಕನ್ನು ಮರಳಿಸುವ ಹೊಳಪು. ಕೆಂಪು ಹಳದಿಗಳಿಗೆ ಬೇಕಾದ ದ್ರವ್ಯ ಆಹಾರದಿಂದಲೇ ಬರಬೇಕು. ಬೆದರಿದರೆ ಬಣ್ಣ ಇಳಿಯುತ್ತದೆ, ಕಾದಾಟಕ್ಕೆ ನಿಂತರೆ ಪಟ್ಟೆ ಏಳುತ್ತದೆ. ಆಪಿಸ್ಟೊಗ್ರಾಮ ಎಂಬ ಅಮೆರಿಕದ ಕುಬ್ಜ ಸಿಕ್ಲಿಡ್‌ನ ಹೆಣ್ಣು ಸಾಮಾನ್ಯ ದಿನಗಳಲ್ಲಿ ಮಂಕು. ಮರಿ ಕಾಯುವಾಗ ಅರಿಸಿನ ಬಳಿದಂತೆ ಹಳದಿಯಾಗಿ, ಕಪ್ಪು ಗೆರೆಗಳು ಎದ್ದು ಕಾಣುತ್ತವೆ. ಇದನ್ನರಿಯದವರು ಗಂಡು ಹೆಣ್ಣುಗಳನ್ನೇ ಎರಡು ಪ್ರಭೇದವೆಂದಾರು. ಇನ್ನು ಎಳೆಯ ಮೀನಿಗೆ ಹಾರ್ಮೋನು ಕೊಟ್ಟು ಬಣ್ಣ ಬರಿಸುವುದು, ಪಾರದರ್ಶಕ ಗಾಜುಮೀನಿಗೆ ಸೂಜಿಯಿಂದ ಬಣ್ಣ ಚುಚ್ಚುವುದು ಮುಂತಾದ ಕ್ರೌರ್ಯಗಳೂ ಈ ವ್ಯಾಪಾರದಲ್ಲಿ ನಡೆದಿವೆ.

ಆದ್ದರಿಂದ ಗುರುತಿಸುವಾಗ ಒಂದು ಕ್ರಮ ಬೇಕು. ಮೊದಲು ಬದಲಾಗದ್ದನ್ನು ನೋಡಬೇಕು: ಮೈಯ ಆಕಾರ, ಬಾಯಿ, ರೆಕ್ಕೆಯ ಮುಳ್ಳುಗಳ ಎಣಿಕೆ. ಆಮೇಲೆ ಗಂಡೋ ಹೆಣ್ಣೋ, ಎಳೆಯದೋ ಬಲಿತದ್ದೋ. ಆಮೇಲೆ ಗೆರೆ, ಮಚ್ಚೆ, ಪಟ್ಟೆಗಳು. ಇವುಗಳನ್ನು ಒಂದೇ ದಿನ ನೋಡಿದರೆ ಸಾಲದು, ಹಲವು ದಿನ ನೋಡಬೇಕು. ಬಣ್ಣವನ್ನು ಕಡೆಗೆ ನೋಡಬೇಕು. ಅದರಲ್ಲಿಯೂ ಒಂದು ವಿವೇಚನೆ ಅಗತ್ಯ: ಅದು ನದಿ ಕೊಟ್ಟ ಬಣ್ಣವೋ, ಮನುಷ್ಯನು ಆರಿಸಿ ಬೆಳೆಸಿದ ಬಣ್ಣವೋ? ಕಕಟೂಯ್ಡಿಸ್ ಎಂಬ ಆಪಿಸ್ಟೊಗ್ರಾಮದ 'ಡಬಲ್ ರೆಡ್', 'ಟ್ರಿಪಲ್ ರೆಡ್' ಎಂಬ ಹೆಸರುಗಳು ಎಷ್ಟು ರೆಕ್ಕೆ ಕೆಂಪಾಗಿದೆ ಎಂಬುದರ ಲೆಕ್ಕವಷ್ಟೇ. ರಾಮಿರೇಸಿ ಎಂಬ ಪುಟ್ಟ ಮೀನಿನ ಅಚ್ಚನೀಲಿ ತಳಿಯೂ ಮನುಷ್ಯರು ಬೆಳೆಸಿದ್ದೇ.

ಹಾಗಾದರೆ ಬಣ್ಣಕ್ಕೆ ಬೆಲೆಯೇ ಇಲ್ಲವೇ? ಇದೆ, ಊರಿನ ಹೆಸರು ಜೊತೆಗಿದ್ದರೆ ಮಾತ್ರ. ಪಶ್ಚಿಮ ಆಫ್ರಿಕದ ಪೆಲ್ವಿಕಾಕ್ರೊಮಿಸ್ ಟೀನಿಯೇಟಸ್ ಎಂಬ ಕುಬ್ಜ ಸಿಕ್ಲಿಡ್‌ನಲ್ಲಿ ಸ್ಥಳಕ್ಕೊಂದು ಬಣ್ಣ. ಜಾಗರೂಕರಾದ ಸಾಕಣೆದಾರರು ನೈಜೀರಿಯ, ಲೋಬೆ, ಮೊಲಿವೆ, ವೂರಿ ಎಂದು ಸಿಕ್ಕಿದ ಸ್ಥಳದ ಹೆಸರನ್ನೇ ಅಂಟಿಸಿ, ಬೆರೆಸದೆ ದಶಕಗಳ ಕಾಲ ಸಾಕಿಕೊಂಡು ಬಂದರು. ೨೦೧೪ರಲ್ಲಿ ವಿದ್ವಾಂಸರು ಕೂಲಂಕಷವಾಗಿ ಪರಿಶೀಲಿಸಿ, ಕ್ಯಾಮರೂನಿನ ಮೀನುಗಳು ನೈಜೀರಿಯದವುಗಳಿಂದ ಬೇರೆ ಪ್ರಭೇದವೆಂದೂ, ವೂರಿ ನದಿಯದು ಮತ್ತೂ ಬೇರೆಯೆಂದೂ ನಿರ್ಣಯಿಸಿದರು. ಊರಿನ ಚೀಟಿ ಕಳೆದುಹೋಗಿ ಬೆರೆತುಹೋದ ತೊಟ್ಟಿಗಳ ಮೀನುಗಳಿಗೆ ಮಾತ್ರ ಕುಲವೂ ಇಲ್ಲ, ನೆಲೆಯೂ ಇಲ್ಲ.

ಹೆಸರಿಲ್ಲದಿದ್ದರೆ ಆಗುವ ಹಾನಿಗೆ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. ಅದು ಕುಬ್ಜ ಮೀನಲ್ಲ, ಕಾವೇರಿಯ ದೈತ್ಯ ಮಹಸೀರ್. ಕಿತ್ತಳೆ ರೆಕ್ಕೆಯ, ಬೆನ್ನುಬ್ಬಿದ ಆ ಮೀನು ಕಾವೇರಿ ಮತ್ತು ಅದರ ಉಪನದಿಗಳದ್ದೇ. ನೀಲಿ ರೆಕ್ಕೆಯ ಬೇರೆ ಮಹಸೀರ್ ಮರಿಗಳನ್ನು ಮರಿಕೇಂದ್ರದಲ್ಲಿ ಬೆಳೆಸಿ ೧೯೭೦ರ ದಶಕದಿಂದ ಈಚೆಗೆ ಕಾವೇರಿಗೆ ಬಿಡಲಾಯಿತು. ಎರಡೂ ಮಹಸೀರೇ ತಾನೇ ಎಂಬ ಭಾವನೆ. ನೀಲಿಯದು ಹೆಚ್ಚಿತು, ಕಿತ್ತಳೆಯದು ಕಾಣದಂತಾಗುತ್ತ ಬಂತು. ಅದಕ್ಕೊಂದು ಸರಿಯಾದ ಶಾಸ್ತ್ರೀಯ ಹೆಸರು ಇಲ್ಲದ್ದರಿಂದ ಅಳಿವಿನಂಚಿನ ಪಟ್ಟಿಯಲ್ಲಿ ಸೇರಿಸುವುದೂ ಸಾಧ್ಯವಾಗಲಿಲ್ಲ. ೨೦೧೮ರಲ್ಲಿ ಅದು ಟಾರ್ ರೆಮಾದೇವಿ ಎಂದು ನಿಶ್ಚಯವಾದ ಮೇಲೆಯೇ 'ತೀವ್ರ ಅಪಾಯದಲ್ಲಿದೆ' ಎಂಬ ಪಟ್ಟಿಗೆ ಸೇರಿತು.

ನಮ್ಮ ಬೀಗರ ಮಗನು ಓದಿಗೆಂದು ಬೆಂಗಳೂರಿಗೆ ಹೊರಟಾಗ ತನ್ನ ತೊಟ್ಟಿಯ ಮೀನುಗಳನ್ನು ಭದ್ರೆಯ ಹಿನ್ನೀರಿಗೆ ಬಿಡಬೇಕೆಂದಿದ್ದನು. "ಸೆರೆ ಬಿಡಿಸಿದರೆ ಪುಣ್ಯವಲ್ಲವೇ, ಚಿಕ್ಕಪ್ಪ?" ಎಂದು ನಮ್ಮನ್ನು ಕೇಳಿದನು. ಕೇಳಿದ ಮನಸ್ಸು ಒಳ್ಳೆಯದೇ. ೧೯೫೨ರಲ್ಲಿ ಭಾರತಕ್ಕೆ ತಂದ ತಿಲಾಪಿಯ, ಜನ ಜಿಲೇಬಿ ಮೀನು ಎನ್ನುವುದು, ಅದೂ ಆಫ್ರಿಕದ ಸಿಕ್ಲಿಡ್ಡೇ. ಅದು ನಾಡಿನ ಎಷ್ಟೋ ಕೆರೆಗಳಲ್ಲಿ ಹಬ್ಬಿ ಸ್ಥಳೀಯ ಮೀನುಗಳ ಜಾಗ ಹಿಡಿದಿರುವುದನ್ನು ಅವನಿಗೆ ವಿವರಿಸಿದೆವು. ಶೃಂಗೇರಿಯ ತುಂಗಾತೀರದ ಮೆಟ್ಟಿಲಲ್ಲಿ ಭಕ್ತರು ಮಂಡಕ್ಕಿ ಹಾಕಿ ಕೈಮುಗಿಯುವ ಮೀನುಗಳು ಆ ನದಿಯಲ್ಲಿಯೇ ಹುಟ್ಟಿದವು. ಅವುಗಳ ಮನೆಗೆ ಅಪರಿಚಿತರನ್ನು ನುಗ್ಗಿಸುವುದು ಪುಣ್ಯವಾಗದು. ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೀನುಗಳನ್ನು ನಮ್ಮ ಮನೆಗೇ ತಂದುಕೊಟ್ಟನು. ಜೊತೆಗೆ ಯಾವ ಮೀನು ಎಲ್ಲಿಂದ ಎಂದು ಬಂತೆಂಬುದನ್ನು ಬರೆದ ಹಾಳೆಯೂ ಇತ್ತು. ಆ ಹಾಳೆ ನಮಗೆ ಮೀನಿಗಿಂತ ಬೆಲೆಯುಳ್ಳದ್ದೆನಿಸಿತು.

ಮೀನು ಸಾಕುವ ಗೃಹಸ್ಥರಲ್ಲಿ ನಮ್ಮ ವಿನಂತಿ ಇಷ್ಟೇ. ಬಣ್ಣದ ಹೆಸರಿಗೆ ಮರುಳಾಗಿ ಹೆಚ್ಚು ಹಣ ತೆರಬೇಡಿ. ಮನೆಯಲ್ಲೊಂದು ಪುಸ್ತಕವಿಟ್ಟು, ತಂದ ದಿನ, ತಂದ ಸ್ಥಳ, ಮೂಲದ ನದಿ ತಿಳಿದಿದ್ದರೆ ಅದು, ಮುಳ್ಳು ಮಚ್ಚೆಗಳ ವಿವರ ಇವುಗಳನ್ನು ಮಕ್ಕಳ ಕೈಯಿಂದ ಬರೆಸಿ. ಬೇರೆ ಊರಿನವನ್ನು ಬೆರೆಸಬೇಡಿ. ಸಾಕಲಾರದಾದಾಗ ಸಾಕಬಲ್ಲವರಿಗೆ ಕೊಡಿ, ಹೊಳೆಗೆ ಬಿಡಬೇಡಿ. ಮೇಲುನೋಟದ ಬಣ್ಣವನ್ನು ದಾಟಿ ಒಳಗಿನ ಗುರುತನ್ನು ಕಾಣುವ ಅಭ್ಯಾಸ ಮಕ್ಕಳಿಗೆ ಒಂದು ಪುಟ್ಟ ಮೀನಿನಿಂದ ಬಂದರೂ ಅದು ಬಾಳಿಗೆಲ್ಲ ಉಪಯೋಗಕ್ಕೆ ಬರುವ ವಿದ್ಯೆ.