ಮೋತಿಗೆ ಕಿರೀಟ ಕಾಣುವುದಿಲ್ಲ

ನಮ್ಮ ಕಡೆ ‘ಮಿಸ್’ ಅಂದರೆ ಟೀಚರು. ‘ಅಕ್ಕೋರೇ’ ಅನ್ನುತ್ತಿದ್ದ ಕನ್ನಡ ಶಾಲೆಯ ಮಕ್ಕಳೂ ಈಗ ‘ಮಿಸ್’ ಅನ್ನಲು ಕಲಿತಿದ್ದಾರೆ. ಹೀಗಾಗಿ ನನ್ನ ಅಣ್ಣನ ಮಗಳು ಎದೆಯ ಮೇಲೆ ‘ಮಿಸ್ ಟೀನ್’ ಎಂಬ ಹೊಳೆಯುವ ಪಟ್ಟಿ ಹಾಕಿಕೊಂಡು ಬೀದರಿನ ಶಾಲೆಯೊಂದಕ್ಕೆ ಹೋದಾಗ ಮುಂದಿನ ಸಾಲಿನ ಹುಡುಗಿ ಎದ್ದು ನಿಂತು ಕೇಳಿದ್ದು, “ಮಿಸ್, ನೀವು ಯಾವ ಸಬ್ಜೆಕ್ಟ್ ಹೇಳ್ತೀರಿ?” ಎಂದು. ಎಲ್ಲರೂ ನಕ್ಕರು, ಇವಳೂ ನಕ್ಕಳು. ಮನೆಗೆ ಬಂದ ಮೇಲೆ ಮಾತ್ರ, “ಖರೇನ ಅತ್ತಿ, ಹೇಳ್ಲಿಕ್ಕೆ ನನ್ನ ಬಲ್ಲಿ ಏನದ?” ಅಂದಳು.

ಅವಳಿಗೆ ಆಗ ಹದಿನೇಳು. ಹೈದರಾಬಾದಿನಲ್ಲಿ ನಡೆದ ಹದಿಹರೆಯದವರ ಸ್ಪರ್ಧೆಯೊಂದರಲ್ಲಿ ಗೆದ್ದಿದ್ದಳು. ಗೆದ್ದವರಿಗೆ ಕಿರೀಟದ ಜೊತೆ ಒಂದು ವರ್ಷದ ಕೆಲಸವೂ ಬರುತ್ತದೆ ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಶಾಲೆ, ಆಸ್ಪತ್ರೆ, ಜಾಥಾ, ಅಂಗಡಿ ಉದ್ಘಾಟನೆ ಎಂದು ಕರೆದಲ್ಲಿಗೆ ಹೋಗಬೇಕು, ಹೋದಲ್ಲೆಲ್ಲ ಪಟ್ಟಿ ಕಾಣಬೇಕು, ಫೋಟೋ ಕಳಿಸಬೇಕು. ಈ ಪದ್ಧತಿಗೆ ದೊಡ್ಡ ಇತಿಹಾಸವೇ ಇದೆ. ಮಿಸ್ ವರ್ಲ್ಡ್ ಸ್ಪರ್ಧೆಯವರು 1972ರಲ್ಲೇ ‘ಉದ್ದೇಶವಿರುವ ಸೌಂದರ್ಯ’ ಎಂಬ ಅರ್ಥದ ಘೋಷಣೆಯೊಂದನ್ನು ಕಟ್ಟಿಕೊಂಡರು. 2017ರಲ್ಲಿ ಆ ಪಟ್ಟ ಗೆದ್ದ ಮಾನುಷಿ ಛಿಲ್ಲರ್ ಹಳ್ಳಿಯ ಹೆಣ್ಣುಮಕ್ಕಳ ಮುಟ್ಟಿನ ನೈರ್ಮಲ್ಯವನ್ನು ತನ್ನ ವಿಷಯ ಮಾಡಿಕೊಂಡಿದ್ದರು. ಬರೀ ಚೆಂದಕ್ಕೆ ಬಹುಮಾನ ಕೊಡುವುದು ಮುಜುಗರ ಅನ್ನಿಸಿದಾಗ ಸೇವೆ ಅದರ ಪಕ್ಕಕ್ಕೆ ಬಂದು ನಿಂತಿತು ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಆದರೆ ಪಕ್ಕದಲ್ಲಿ ನಿಂತದ್ದು ಕೆಲವೊಮ್ಮೆ ನಿಜವಾದ ಕೆಲಸವೂ ಆಗುತ್ತದೆ.

ನಮ್ಮ ಅಣ್ಣನಿಗೆ ಇದ್ಯಾವುದೂ ಒಪ್ಪಿಗೆ ಇರಲಿಲ್ಲ. ಅವನ ತಲೆಯಲ್ಲಿ 1996 ಕೂತುಬಿಟ್ಟಿತ್ತು. ಆ ವರ್ಷದ ನವೆಂಬರಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮಿಸ್ ವರ್ಲ್ಡ್ ನಡೆದಾಗ ರೈತ ಸಂಘದವರು, ಮಹಿಳಾ ಸಂಘಟನೆಗಳವರು ಬೀದಿಗಿಳಿದಿದ್ದರು. ಈಜುಡುಗೆಯ ಸುತ್ತನ್ನು ದೇಶದಾಚೆ, ಸೀಶೆಲ್ಸ್ ದ್ವೀಪದಲ್ಲಿ ನಡೆಸಬೇಕಾಯಿತು. ಆಗ ಕಾಲೇಜಿನಲ್ಲಿದ್ದ ಅಣ್ಣ ಭಾಲ್ಕಿಯ ಬಸ್ ನಿಲ್ದಾಣದಲ್ಲಿ ಪೇಪರು ಓದಿ ಗೆಳೆಯರ ಜೊತೆ ವಾದ ಮಾಡುತ್ತಿದ್ದ. ಅವನದೇ ಮಗಳು ಕಿರೀಟ ಹಾಕಿಕೊಂಡು ಬಂದಾಗ ಬಯ್ಯಲಿಲ್ಲ. “ಒಂದು ವರ್ಷ ಆಯ್ತಂದ್ರ ಮುಗೀತದಲ್ಲ?” ಎಂದಷ್ಟೇ ಕೇಳಿದ.

ಅವನ ಅಂಜಿಕೆ ಬೇರೆ ಕಡೆಯಿಂದ ನಿಜವಾಯಿತು. ಫೋಟೋಗಳು ಮೊಬೈಲಿನಲ್ಲಿ ಹರಿದಾಡತೊಡಗಿದ ಮೇಲೆ ಅವಳ ಬಣ್ಣ, ಹಲ್ಲು, ತೋಳಿನ ದಪ್ಪ ಎಲ್ಲದಕ್ಕೂ ಒಬ್ಬೊಬ್ಬರು ಅಂಕ ಕೊಡತೊಡಗಿದರು. ಸ್ಪರ್ಧೆಯಲ್ಲಿ ಅಂಕ ಕೊಡುವವರು ನಾಲ್ಕೈದು ಜನ ಇರುತ್ತಾರೆ, ಸಂಜೆಗೆ ಎದ್ದು ಹೋಗುತ್ತಾರೆ. ಇವರು ಏಳುವುದೇ ಇಲ್ಲ. ಕಾರ್ಯಕ್ರಮ ಮುಗಿಸಿ ಬಂದವಳು ಪಿನ್ನು ಬಿಚ್ಚಿ, ಹಿತ್ತಲ ಕಟ್ಟೆಯ ಮೇಲೆ ಮೋತಿಯ ಕೊರಳಿಗೆ ಮುಖ ಇಟ್ಟು ಕೂತುಬಿಡುತ್ತಿದ್ದಳು. ಮೋತಿ ನಮ್ಮ ಮನೆಯ ಲ್ಯಾಬ್ರಡಾರ್, ಏಳು ವರ್ಷದವಳು. ಯಾರು ಎಷ್ಟು ಹೊತ್ತು ಒರಗಿದರೂ ಕದಲುವವಳಲ್ಲ.

ನನಗೆ ಆಗೆಲ್ಲ ನೆನಪಾಗುತ್ತಿದ್ದವರು ಬೆಂಗಳೂರಿನ ನಫೀಸಾ ಜೋಸೆಫ್. 1997ರಲ್ಲಿ ಮಿಸ್ ಇಂಡಿಯಾ ಯೂನಿವರ್ಸ್ ಆದರು, ಅದೇ ವರ್ಷ ಮಿಸ್ ಯೂನಿವರ್ಸ್ ಸ್ಪರ್ಧೆಯ ಕೊನೆಯ ಸುತ್ತುಗಳವರೆಗೆ ಹೋದರು, ಆಮೇಲೆ ಎಂಟಿವಿಯ ನಿರೂಪಕಿಯಾದರು. ತಮಗೆ ಸಿಕ್ಕ ಹೆಸರನ್ನು ಅವರು ಪ್ರಾಣಿಗಳಿಗಾಗಿ ಬಳಸಿದರು. ಬೀದಿನಾಯಿಗಳ ಆರೈಕೆಯ ಸಂಘಟನೆಗಳ ಜೊತೆ ನಿಂತರು, ಪ್ರಾಣಿಗಳ ಬಗ್ಗೆ ಪತ್ರಿಕೆಯಲ್ಲಿ ಅಂಕಣ ಬರೆದರು. 2004ರಲ್ಲಿ, 26ರ ವಯಸ್ಸಿನಲ್ಲಿ ತೀರಿಹೋದರು. ಅವರ ಒಳಗಿನ ಬದುಕಿನ ಬಗ್ಗೆ ಮಾತಾಡುವ ಹಕ್ಕು ನನಗಿಲ್ಲ. ಎಲ್ಲರಿಗೂ ನಗು ಹಂಚಬೇಕಾದ ಹುಡುಗಿಯರು ತಾವು ಒರಗಿಕೊಳ್ಳಲು ಏನು ಇಟ್ಟುಕೊಂಡಿರುತ್ತಾರೆ ಎಂದು ಮಾತ್ರ ಕೇಳಬಲ್ಲೆ. ನಮ್ಮ ಹುಡುಗಿಗೆ ಮೋತಿ ಇದ್ದಳು.

“ನಾ ಒಬ್ಬಾಕಿ ಹೋಗೋದು ಬಿಟ್ಟು ಮೋತಿಗೂ ಕರ್ಕೊಂಡು ಹೋದ್ರ ಹ್ಯಾಂಗ?” ಎಂದು ಒಂದು ದಿನ ಅವಳೇ ಕೇಳಿದಳು.

ಇದು ಹೊಸ ವಿಚಾರವೇನಲ್ಲ. ಅಮೆರಿಕದ ಮಕ್ಕಳ ಮನಶ್ಶಾಸ್ತ್ರಜ್ಞ ಬೋರಿಸ್ ಲೆವಿನ್ಸನ್ ಅವರ ಕೋಣೆಗೆ ಯಾರೊಡನೆಯೂ ಬೆರೆಯದ ಹುಡುಗನೊಬ್ಬ ಹೇಳಿದ ಹೊತ್ತಿಗಿಂತ ಮುಂಚೆ ಬಂದಿದ್ದ. ಅಲ್ಲಿದ್ದ ಅವರ ನಾಯಿ ಜಿಂಗಲ್ಸ್ ಅವನ ಹತ್ತಿರ ಹೋಯಿತು, ಹುಡುಗ ಅದಕ್ಕೆ ಒಲಿದ. ನಾಯಿ ಚಿಕಿತ್ಸೆಯಲ್ಲಿ ಜೊತೆಗಾರ ಆಗಬಲ್ಲದು ಎಂದು ಲೆವಿನ್ಸನ್ 1962ರಲ್ಲಿ ಬರೆದರು. ಇಂಗ್ಲೆಂಡಿನಲ್ಲಿ ಪಾದ್ರಿಯೊಬ್ಬರ ನಾಯಿ ಬಂದಾಗ ರೋಗಿಗಳ ಮುಖ ಅರಳುವುದನ್ನು ನೋಡಿದ ನರ್ಸ್ ಎಲೇನ್ ಸ್ಮಿತ್ 1976ರಲ್ಲಿ ಅಮೆರಿಕದಲ್ಲಿ ಇಂಥ ನಾಯಿಗಳ ಸಂಸ್ಥೆ ಕಟ್ಟಿದರು. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದವರು 249 ವಿದ್ಯಾರ್ಥಿಗಳ ಮೇಲೆ ಮಾಡಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಬರೀ 10 ನಿಮಿಷ ನಾಯಿ-ಬೆಕ್ಕುಗಳನ್ನು ಸವರಿದವರ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸೋಲ್ ಕಡಿಮೆಯಾಗಿತ್ತು.

ಮನೋವೈದ್ಯರ ಜೊತೆ ಸೇರಿ ಮಾಡುವ ಚಿಕಿತ್ಸೆ ಬೇರೆ, ಸ್ವಯಂಸೇವಕರು ನಾಯಿ ಕರೆದುಕೊಂಡು ಭೇಟಿ ಕೊಡುವುದು ಬೇರೆ. ನಮ್ಮದು ಎರಡನೆಯದು. ಅದಕ್ಕೂ ಸಿದ್ಧತೆ ಬೇಕು. ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಬೀದರಿನ ನಂದಿನಗರದಲ್ಲಿ ಇರುವುದರಿಂದ ವೈದ್ಯರಿಗೆ ಬರ ಇಲ್ಲ. ರೇಬಿಸ್ ಲಸಿಕೆ, ಜಂತಿನ ಔಷಧಿ, ಚರ್ಮದ ತಪಾಸಣೆ ಎಲ್ಲ ಆಯಿತು. ಆಮೇಲೆ ತರಬೇತುದಾರರೊಬ್ಬರು ಮೋತಿಯ ಸ್ವಭಾವ ನೋಡಿದರು. ಹಿಂದಿನಿಂದ ತಾಟು ಬೀಳಿಸಿದರು, ಗಾಲಿ ಕುರ್ಚಿ ತಳ್ಳಿಕೊಂಡು ಬಂದರು, ಕಿವಿ ಜಗ್ಗಿದರು, ರೊಟ್ಟಿ ನೆಲಕ್ಕೆ ಎಸೆದು ‘ಬೇಡ’ ಅಂದರು. ರೊಟ್ಟಿಯ ವಿಷಯದಲ್ಲಿ ಮಾತ್ರ ಅವಳಿಗೆ ಮೂರು ವಾರ ಅಭ್ಯಾಸ ಬೇಕಾಯಿತು. ನಮಗೂ ಪಾಠ ಇತ್ತು. ನಾಯಿ ಪದೇ ಪದೇ ಆಕಳಿಸಿದರೆ, ತುಟಿ ನೆಕ್ಕಿಕೊಂಡರೆ, ಮುಖ ತಿರುಗಿಸಿದರೆ ಅದಕ್ಕೆ ಸಾಕಾಗಿದೆ ಎಂದರ್ಥ. ಒಂದು ಗಂಟೆಗಿಂತ ಹೆಚ್ಚು ಕೂಡಿಸಬಾರದು.

ಬೀದರಿನಲ್ಲಿ ನಾಯಿಯನ್ನು ಒಳಗೆ ಬಿಡಿ ಅನ್ನುವುದು ಸುಲಭದ ಮಾತಲ್ಲ. ಅನೇಕ ಮನೆಗಳಲ್ಲಿ ಅದು ಹೊಸ್ತಿಲು ದಾಟುವಂತಿಲ್ಲ. ನಮಾಜ್ ಮಾಡುವ ಮನೆಯ ಮಕ್ಕಳಿಗೆ ಅದರ ಜೊಲ್ಲು ಬಟ್ಟೆಗೆ ತಾಗಬಾರದು. ಹಾಗಾಗಿ ನಾವು ಮೊದಲೇ ಕೇಳುತ್ತಿದ್ದೆವು, ಮುಟ್ಟಿ ಎಂದು ಯಾರಿಗೂ ಹೇಳುತ್ತಿರಲಿಲ್ಲ. ಒಂದು ಶಾಲೆಯಲ್ಲಿ ಹುಡುಗಿಯೊಬ್ಬಳು ನಾಲ್ಕು ಮಾರು ದೂರ ಕೂತು ತನ್ನ ಉರ್ದು ಪುಸ್ತಕದಿಂದ ಓದಿದಳು. ಮೋತಿ ಮುಂಗಾಲಿನ ಮೇಲೆ ತಲೆ ಇಟ್ಟು ಕಿವಿ ಅತ್ತ ತಿರುಗಿಸಿದಳು. “ಸುನ್ ರಹೀ ಹೈ!” ಎಂದು ಆ ಹುಡುಗಿ ಹಿಗ್ಗಿಹೋದಳು. ಕೇಳಿಸಿಕೊಳ್ಳಲು ಮುಟ್ಟಲೇಬೇಕು ಎಂದೇನಿಲ್ಲವಲ್ಲ.

ಅಲ್ಲೇ ನಮ್ಮ ಹುಡುಗಿಗೆ ಹೇಳಲು ಒಂದು ಪಾಠವೂ ಸಿಕ್ಕಿತು. ಮಕ್ಕಳು ಮೊದಲು ಕೇಳುತ್ತಿದ್ದುದೇ “ಕಡೀತದೇನ್ರಿ?” ಎಂದು. ಆತ್ಮವಿಶ್ವಾಸದ ಬಗ್ಗೆ ಯಾರೋ ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದ ಐದು ನಿಮಿಷದ ಭಾಷಣವನ್ನು ಅವಳು ಬಿಟ್ಟಳು. ಗುರುತಿಲ್ಲದ ನಾಯಿಯನ್ನು ಮುಟ್ಟಬೇಡಿ, ಉಣ್ಣುವ ನಾಯಿಯನ್ನು, ಮರಿ ಇರುವ ನಾಯಿಯನ್ನು ಕೆಣಕಬೇಡಿ, ಅಟ್ಟಿಸಿಕೊಂಡು ಬಂದರೆ ಓಡಬೇಡಿ. ಕಡಿದರೆ ಅಥವಾ ಪರಚಿದರೆ ಗಾಯವನ್ನು ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ, ಅರಿಶಿನ, ಖಾರದಪುಡಿ, ಸುಣ್ಣ ಹಚ್ಚಬೇಡಿ, ಅವತ್ತೇ ದವಾಖಾನೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ, ಎಲ್ಲ ಡೋಸೂ ಮುಗಿಸಿ. ರೇಬಿಸ್ ಲಕ್ಷಣ ಕಾಣಿಸಿದ ಮೇಲೆ ಬದುಕುವುದು ತೀರಾ ಅಪರೂಪ. ಮನುಷ್ಯರಿಗೆ ತಗಲುವ ರೇಬಿಸ್ ಪ್ರಕರಣವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕೆಂದು ಕರ್ನಾಟಕ 2022ರಲ್ಲಿ ನಿಯಮ ಮಾಡಿದೆ. ಇದನ್ನೆಲ್ಲ ಕನ್ನಡದಲ್ಲಿ, ಬೇಕಾದಲ್ಲಿ ದಖನಿಯಲ್ಲಿ ಅವಳು ಹೇಳುವಾಗ ಮಕ್ಕಳು ಕಿರೀಟ ನೋಡುವುದನ್ನು ಬಿಟ್ಟು ಮಾತು ಕೇಳುತ್ತಿದ್ದರು.

ಕಿರೀಟದ್ದೇ ಒಂದು ತೊಡಕಿತ್ತು. ನಾಯಿಯ ಪಕ್ಕ ನೆಲಕ್ಕೆ ಕೂತರೆ ಅದು ಜಾರಿ ಬೀಳುತ್ತದೆ. ತೆಗೆದರೆ ಕಾರ್ಯಕ್ರಮದವರು, “ಕಿರೀಟ ಇಲ್ಲಂದ್ರ ಫೋಟೋ ಯಾತಕ್ಕ?” ಅನ್ನುತ್ತಿದ್ದರು. ಕೊನೆಗೆ ಅವಳೇ ಒಂದು ಕ್ರಮ ಮಾಡಿಕೊಂಡಳು. ಬಾಗಿಲಲ್ಲಿ ಎಲ್ಲ ಫೋಟೋ ತೆಗೆಸಿಕೊಂಡು, ಕಿರೀಟ ಡಬ್ಬಿಗೆ ಹಾಕಿ ನನ್ನ ಕೈಗೆ ಕೊಟ್ಟು, ಬಳಿಕ ಒಳಗೆ ಹೋಗುವುದು.

ಭಾಲ್ಕಿಯ ಕಡೆ ಹಿರಿಯರಿರುವ ಮನೆಯೊಂದಕ್ಕೆ ಹೋದಾಗಲೂ ಹಾಗೇ ಮಾಡಿದಳು. ಅಲ್ಲೊಬ್ಬ ಮುತ್ಯಾ ಇದ್ದ, ಮೊದಲು ಕುರಿ ಕಾಯುತ್ತಿದ್ದವ. ಮೋತಿಯನ್ನು ಕಂಡದ್ದೇ ಎರಡೂ ಕೈ ಜೋಡಿಸಿದ. “ಮಲ್ಲಯ್ಯನ ನಾಯಿ ಬಂದದ, ಬಾ ಯವ್ವಾ, ಕೂಡು” ಎಂದು ದಿಂಬಿನ ಕೆಳಗಿನ ಚೀಟಿ ಬಿಚ್ಚಿ ಭಂಡಾರವನ್ನು ಅದರ ಹಣೆಗೆ ಹಚ್ಚಿದ. ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಒಕ್ಕಲಿಗೆ ನಾಯಿ ಪರಕೀಯವಲ್ಲ. ಮೈಲಾರನ ಜೊತೆ ನಾಯಿ ಇದ್ದೇ ಇರುತ್ತದೆ. ನಾಯಿಯಂತೆ ಬೊಗಳಿ, ದೋಣಿಯಲ್ಲಿಟ್ಟದ್ದನ್ನು ಬಾಯಿ ಹಚ್ಚಿ ಉಣ್ಣುವುದು ಅವನ ಗೊರವರಿಗೆ ಸೇವೆ. ದತ್ತಾತ್ರೇಯನ ಕಾಲ ಬಳಿಯೂ ನಾಲ್ಕು ನಾಯಿಗಳಿವೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹಂದಿಯ ಜೊತೆ ಹೋರಾಡಿ ಸತ್ತ ‘ಕಾಳಿ’ ಎಂಬ ನಾಯಿಗೆ 10ನೇ ಶತಮಾನದಲ್ಲೇ ಕಲ್ಲು ನಿಲ್ಲಿಸಿದ್ದಾರೆ. ‘ನಾಯಿ’ ಎಂಬ ಪದವನ್ನು ಬೈಗುಳಕ್ಕೆ ಬಳಸುವ ನಾವೇ ಇದನ್ನೂ ಮಾಡಿದ್ದೇವೆ.

ಮುತ್ಯಾ ತನ್ನ ಕರಿಯಾ ಎಂಬ ನಾಯಿಯ ಕತೆ ಹೇಳಿದ. ತೋಳ ಬಂದ ರಾತ್ರಿ ಅದು ಹಟ್ಟಿ ಬಿಟ್ಟು ಕದಲಲಿಲ್ಲವಂತೆ. ಹೇಳಿ ಮುಗಿಸಿ ನಮ್ಮ ಹುಡುಗಿಯ ಕಡೆ ತಿರುಗಿ, “ನೀ ಯಾರ ಮಗಳವ್ವಾ?” ಅಂದ. ಅವಳು ಅಪ್ಪನ ಹೆಸರು, ಮುತ್ಯಾನ ಹೆಸರು ಹೇಳಿದಳು. ಪಟ್ಟದ ಹೆಸರು ಹೇಳಲಿಲ್ಲ, ಅವನು ಕೇಳಲೂ ಇಲ್ಲ.

ಔರಾದಿನದು ಇನ್ನೊಂದು ಲೋಕ. ಬೀದರಿನ ಕೆಂಪು ಜಂಬಿಟ್ಟಿಗೆ ಮುಗಿದು ಕರಿ ಎರೆ ಶುರುವಾಗುವ ನೆಲ ಅದು. ಒತ್ತಿಗೆ ಮಹಾರಾಷ್ಟ್ರ, ಆಚೆ ತೆಲಂಗಾಣ. ಅನೇಕ ಮಕ್ಕಳ ಮನೆಮಾತು ಮರಾಠಿ, ತಾಂಡಾದವರದು ಲಂಬಾಣಿ. ಶಾಲೆಯಲ್ಲಿ ಮಾತ್ರ ಕನ್ನಡ. ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಕತೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಕನ್ನಡದ ಮಕ್ಕಳಿಗೆ ಆಗ ಇದ್ದ ಕಷ್ಟ ಇವತ್ತು ಈ ಮಕ್ಕಳಿಗೆ ಇನ್ನೊಂದು ಬಗೆಯಲ್ಲಿ ಇದೆ. ಓದಲು ಎದ್ದು ನಿಂತವನು ಒಂದು ಒತ್ತಕ್ಷರ ತಪ್ಪಿದರೆ ಇಡೀ ತರಗತಿ ನಗುತ್ತದೆ. ಎರಡು ಸಲ ನಕ್ಕರೆ ಅವನು ಮೂರನೆಯ ಸಲ ಏಳುವುದಿಲ್ಲ. ಇಪ್ಪತ್ತು ವರ್ಷ ಕನ್ನಡ ಕಲಿಸಿದ ನಾನು ಇದನ್ನು ದಿನವೂ ನೋಡಿದ್ದೇನೆ.

ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ 1999ರಲ್ಲಿ ಮಕ್ಕಳು ನಾಯಿಗೆ ಓದಿ ಹೇಳುವ ಕಾರ್ಯಕ್ರಮ ಶುರುವಾಯಿತು. ನಾಯಿ ತಿದ್ದುವುದಿಲ್ಲ, ನಗುವುದಿಲ್ಲ, ಮುಂದೇನು ಎಂದು ಅವಸರ ಮಾಡುವುದಿಲ್ಲ ಎಂಬುದೇ ಅದರ ತಿರುಳು. ಅದನ್ನೇ ನಾವು ಔರಾದ್ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಮಾಡಿದೆವು. ಬೇವಿನ ಗಿಡದ ಕೆಳಗೆ ಜಮಖಾನೆ, ಅದರ ಮೇಲೆ ಮೋತಿ, ಪಕ್ಕದಲ್ಲಿ ಹಗ್ಗ ಹಿಡಿದು ಸುಮ್ಮನೆ ಕೂತ ನಮ್ಮ ಹುಡುಗಿ. ಒಬ್ಬೊಬ್ಬರೇ ಬಂದು ಹತ್ತು ನಿಮಿಷ ಓದಬೇಕು. ಉಳಿದವರು ಕೋಣೆಯಲ್ಲಿ.

ಐದನೇ ತರಗತಿಯ ಹುಡುಗನೊಬ್ಬ ‘ಸ್ವಾತಂತ್ರ್ಯ’ ಎಂಬಲ್ಲಿ ನಿಂತ. ‘ಸ್ವಾ’ ಅಂದ, ‘ತಂ’ ಅಂದ, ಮುಂದೆ ಹೋಗಲಾಗಲಿಲ್ಲ. ಅಭ್ಯಾಸದಂತೆ ಸುತ್ತ ನೋಡಿದ, ಯಾರು ನಗುತ್ತಾರೆ ಎಂದು. ಮೋತಿ ಅರೆಗಣ್ಣು ಮುಚ್ಚಿ ಬಾಲ ಒಮ್ಮೆ ನೆಲಕ್ಕೆ ಬಡಿದಳು. “ಥಾಂಬ್, ಮೋತಿ” ಎಂದು ಮರಾಠಿಯಲ್ಲಿ ಅವಳಿಗೇ ತಡಿ ಎಂದು ಹೇಳಿ ಅವನು ಮತ್ತೆ ಮೊದಲಿನಿಂದ ಶುರು ಮಾಡಿದ. ಮೂರನೆಯ ಸಲಕ್ಕೆ ಪದ ಪೂರ್ತಿ ಬಂತು. ಬಂದಮೇಲೆ ಅದರ ಅರ್ಥವನ್ನೂ ನಾಯಿಗೆ ಮರಾಠಿಯಲ್ಲಿ ವಿವರಿಸಿದ. ನಾನು ಬೇಕಂತಲೇ ಕಟ್ಟೆಯಿಂದ ಕೆಳಗಿಳಿಯಲಿಲ್ಲ. ಆ ಹತ್ತು ನಿಮಿಷದಲ್ಲಿ ಅಲ್ಲಿ ಅವನೇ ಮಾಸ್ತರು.

ಒಂದು ಸಲದ ಓದಿನಿಂದ ಯಾರ ಕನ್ನಡವೂ ಸರಿಯಾಗುವುದಿಲ್ಲ. ಕಲಿಸುವ ಕೆಲಸ ಟೀಚರದ್ದೇ, ನಾಯಿಯದಲ್ಲ. ಆದರೆ ಓದಲು ಕೂತೇ ಇರದವನು ಕೂತ. ಅವತ್ತು ಮನೆಗೆ ಬರುವಾಗ ನಮ್ಮ ಹುಡುಗಿ, “ಅತ್ತಿ, ಅವನು ನನ್ನ ಕಡೆ ಒಮ್ಮೆನೂ ನೋಡ್ಲೇ ಇಲ್ಲ” ಅಂದಳು. ವರ್ಷವಿಡೀ ಎಲ್ಲರ ಕಣ್ಣು ಹೊತ್ತು ತಿರುಗಿದವಳಿಗೆ ಅದು ವಿಶ್ರಾಂತಿಯಂತೆ ಕೇಳಿಸಿತು.

ಅವಧಿ ಮುಗಿದು ಪಟ್ಟ ಇನ್ನೊಬ್ಬ ಹುಡುಗಿಗೆ ಹೋಯಿತು. ಅಂಗಡಿ ಉದ್ಘಾಟನೆಯವರ ಫೋನು ನಿಂತವು. ಔರಾದಿನ ಆ ಶಾಲೆಯ ಮಾಸ್ತರು ಮಾತ್ರ ಫೋನ್ ಮಾಡಿ, “ಅಕ್ಕೋರೇ, ಹುಡುಗರು ಕೇಳ್ಲತ್ತಾರ, ಮೋತಿ ಯಾವಾಗ ಬರ್ತಾಳ?” ಅಂದರು. ಅಣ್ಣ ಪಕ್ಕದಲ್ಲೇ ಇದ್ದ. “ಶನಿವಾರ ಮುಂಜಾನಿ ಸಾಲಿ ಇರ್ತದಲ್ಲ, ಬಿಸಲೇರೋದ್ರಾಗ ಹೋಗಿ ಬರ್ರಿ. ಗಾಡಿ ನಾ ಹೊಡೀತೀನಿ” ಎಂದ. ಮಗಳು ಮೋತಿಯ ಉಗುರು ಕತ್ತರಿಸಲು ಕೂತಳು.